ಈಗ ಕೊಳ್ಳಬೇಕಾ, ಕಾಯಬೇಕಾ ಎನ್ನುವ ಮೊದಲು ಉತಾರದ (ಆಸ್ತಿ ದಾಖಲೆಯ) ನಮೂನೆ ನೋಡಿ

"ಭಾನುವಾರದೊಳಗೆ ಟೋಕನ್ ಕೊಡದಿದ್ದರೆ ಮನೆ ಬೇರೆಯವರ ಪಾಲಾಗುತ್ತದೆ ಅಂತ ದಲ್ಲಾಳಿ ಹೇಳುತ್ತಿದ್ದಾರೆ" ಎಂದು ಬರೆದಿದ್ದೀರಲ್ಲ, ಅದನ್ನು ಓದಿ ನನ್ನ ಎದೆ ಧಸಕ್ಕೆಂದಿತು. ಕಾರವಾರದ ಹಬ್ಬುವಾಡದಲ್ಲಿ ತಿಂಗಳಿಗೆ 9,000 ಬಾಡಿಗೆ, ಕೈಯಲ್ಲಿ 8 ಲಕ್ಷ, ಸದಾಶಿವಗಡದಲ್ಲಿ 36 ಲಕ್ಷದ ಮನೆ. ಬಡ್ಡಿ ಇನ್ನೂ ಇಳಿಯಲಿ ಎಂದು ಕಾಯಬೇಕಾ, ವಿಮಾನ ನಿಲ್ದಾಣ ಆಗಲಿರುವ ಅಲಗೇರಿಗೆ ವಿಮಾನ ಬರುವ ಮೊದಲೇ ಕೊಂಡುಬಿಡಬೇಕಾ ಎಂದು ಕೇಳಿದ್ದೀರಿ. 2019ರಲ್ಲಿ ನಮ್ಮ ಮನೆಯಲ್ಲೂ ರಾತ್ರಿ ಊಟದ ಹೊತ್ತಿಗೆ ಇದೇ ಮಾತು ನಡೆಯುತ್ತಿತ್ತು.

ನಾನು ಅಂಕೋಲಾ ತಾಲೂಕಿನಲ್ಲಿ ಶಾಲಾ ಶಿಕ್ಷಕಿ. ಯಜಮಾನರು ಕಾರವಾರದಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದಾರೆ. ಆಗ ನಾವು ಕೋಡಿಬಾಗದಲ್ಲಿ ಬಾಡಿಗೆಗಿದ್ದೆವು. ಆ ವರ್ಷ ಫೆಬ್ರವರಿಯಲ್ಲಿ ಅವರ್ಸಾದ ಹತ್ತಿರ ಒಂದು ಮನೆ ನೋಡಿದೆವು. ಹಂಚಿನ ಮನೆ, ಮೂರೂವರೆ ಗುಂಟೆ ಜಾಗ, ಹಿತ್ತಲಲ್ಲಿ ಬಾವಿ, ನಾಲ್ಕು ತೆಂಗಿನ ಮರ. ಬೆಲೆ 24 ಲಕ್ಷ. ಅಂಗಳಕ್ಕೆ ಕಾಲಿಟ್ಟ ಕೂಡಲೇ ನನಗೆ ಮನಸ್ಸು ಕೂತುಬಿಟ್ಟಿತು. ಇಲ್ಲಿಂದ ಶಾಲೆಗೂ ಹತ್ತಿರ, ಅವರ ಆಫೀಸಿಗೂ ಒಂದೇ ಬಸ್ಸು.

ಆಗ ಊರಲ್ಲಿ ಎರಡು ಮಾತು ಓಡಾಡುತ್ತಿದ್ದವು. ನೋಟು ರದ್ದಾದ ಮೇಲೆ ಜಾಗದ ವ್ಯಾಪಾರ ಬಿದ್ದಿದೆ, ಇನ್ನೂ ಬೀಳುತ್ತದೆ, ಸುಮ್ನೆ ಕಾಯಿರಿ ಎಂದು ಕೆಲವರು. ಸೀಬರ್ಡ್ ನೌಕಾನೆಲೆಯ ಎರಡನೇ ಹಂತ ಶುರುವಾಗುತ್ತದೆ, ವಿಮಾನ ನಿಲ್ದಾಣ ಬರುತ್ತದೆ, ಈಗ ಬಿಟ್ಟರೆ ಸಂಬಳದವರಿಗೆ ಹೆದ್ದಾರಿ ಪಕ್ಕದಲ್ಲಿ ಒಂದು ಗುಂಟೆಯೂ ಸಿಗುವುದಿಲ್ಲ ಎಂದು ಇನ್ನು ಕೆಲವರು. ನಾನು ಎರಡನೆಯವರನ್ನು ನಂಬಿದೆ. ದಲ್ಲಾಳಿ ಫೋನ್ ಮಾಡಿ, "ಅಕ್ಕೋರೇ, ಗೋವಾದ ಪಾರ್ಟಿ ಭಾನುವಾರ ಬರ್ತದೆ, ಪೂರ್ತಿ ಕ್ಯಾಶ್. ನಿಮ್ಮ ಸಲುವಾಗಿ ನಾಲ್ಕು ದಿನ ತಡೆದಿಟ್ಟಿದ್ದೇನೆ" ಎಂದರು. ಶನಿವಾರ ಸಂಜೆ 3 ಲಕ್ಷ ಮುಂಗಡ ಕೊಟ್ಟೆವು. ಬಾಂಡ್ ಪೇಪರ್ ಮೇಲೆ ಕರಾರು, ಇಬ್ಬರು ಸಾಕ್ಷಿ, ಮೂರು ತಿಂಗಳ ಗಡುವು.

ನನ್ನ ತಪ್ಪು ಅಂದೇ ಆಯಿತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮಾಲೀಕರು ನಮಗೆ ಏನೂ ಮುಚ್ಚಿಡಲಿಲ್ಲ. ಪಂಚಾಯತಿಯ ತೆರಿಗೆ ರಸೀದಿ ತೋರಿಸಿದರು, ಅವರ ಹೆಸರಲ್ಲೇ ಇತ್ತು. ಹೆಸ್ಕಾಂ ಬಿಲ್ಲು ತೋರಿಸಿದರು, ಅದೂ ಅವರ ಹೆಸರಲ್ಲೇ. ಕೊನೆಗೆ ಇ-ಸ್ವತ್ತಿನ, ಅಂದರೆ ಪಂಚಾಯತಿಯ ಕಂಪ್ಯೂಟರ್ ಆಸ್ತಿ ದಾಖಲೆಯ, ಉತಾರ ತೋರಿಸಿದರು. ಕಂಪ್ಯೂಟರಿನಲ್ಲಿ ತೆಗೆದದ್ದು, ಮನೆಯ ಅಳತೆ, ಚೆಕ್ಕುಬಂದಿ, ಮಾಲೀಕರ ಹೆಸರು ಎಲ್ಲ ಸರಿಯಾಗಿತ್ತು. ನಾನು ಹೆಸರು ಓದಿದೆ, ಅಳತೆ ಓದಿದೆ. ಮೇಲೆ ಬರೆದಿದ್ದ ನಮೂನೆಯ ಸಂಖ್ಯೆ ಓದಲಿಲ್ಲ. ಅದು 11-ಬಿ.

ನಮೂನೆ 9 ಮತ್ತು 11-ಎ ಕೊಡುವುದು ಗ್ರಾಮಠಾಣಾ (ಊರಿನ ವಾಸದ ನೆಲೆ) ಜಾಗಕ್ಕೆ ಅಥವಾ ಕ್ರಮವಾಗಿ ಬಿನ್‌ಶೇತ್ಕಿ (ಕೃಷಿಯೇತರ ಬಳಕೆಗೆ ಪರಿವರ್ತನೆ) ಆಗಿ ಲೇಔಟ್ ಒಪ್ಪಿಗೆ ಸಿಕ್ಕ ಜಾಗಕ್ಕೆ. 11-ಬಿ ಎಂದರೆ ಪಂಚಾಯತಿ ತೆರಿಗೆಗಾಗಿ ಆ ಆಸ್ತಿಯನ್ನು ಪುಸ್ತಕದಲ್ಲಿ ಬರೆದುಕೊಂಡಿದೆ ಎಂದಷ್ಟೇ. ಕೆಳಗಿನ ನೆಲ ಇನ್ನೂ ಗದ್ದೆಯೋ ತೋಟವೋ ಆಗಿಯೇ ಇರಬಹುದು. ನಮ್ಮ ವಿಷಯದಲ್ಲಿ ಹಾಗೇ ಇತ್ತು. ಮನೆ ಅವರದು, ಆದರೆ ನೆಲದ ಪಹಣಿಯಲ್ಲಿ ತೀರಿಕೊಂಡ ತಂದೆಯ ಐದು ಮಕ್ಕಳ ಹೆಸರು ಒಟ್ಟಿಗಿದ್ದವು. ಹಿಸ್ಸೆ, ಅಂದರೆ ಪಾಲು, ಆಗಿರಲಿಲ್ಲ. ಜಮೀನಿನ ಒಂದು ಭಾಗ ಮಾರಲು ಬೇಕಾದ 11-ಇ ಸರ್ವೆ ನಕ್ಷೆ ಆಗಿರಲಿಲ್ಲ. ಬಿನ್‌ಶೇತ್ಕಿಯೂ ಆಗಿರಲಿಲ್ಲ. ಒಬ್ಬ ತಂಗಿ ಮುಂಬೈಯಲ್ಲಿದ್ದರು, ಅಣ್ಣನ ಜೊತೆ ಮಾತು ಬಿಟ್ಟು ವರ್ಷಗಳಾಗಿದ್ದವು.

ಕರಾವಳಿಯಲ್ಲಿ ಇದು ಅಪರೂಪವಲ್ಲ. ಅಜ್ಜನ ಕಾಲದ ಗೇಣಿ ಜಮೀನು, ಮಕ್ಕಳು ತಮ್ಮ ತಮ್ಮೊಳಗೆ ಬಾಯಿಮಾತಿನಲ್ಲಿ ಹಂಚಿಕೊಂಡು ಮನೆ ಕಟ್ಟಿರುತ್ತಾರೆ. ಮೂವತ್ತು ವರ್ಷ ಯಾರೂ ಕೇಳುವುದಿಲ್ಲ. ಅವರು ಮೋಸಗಾರರೂ ಅಲ್ಲ. ಆದರೆ ಮಾರುವ ದಿನ ಆ ಎಲ್ಲ ಹೆಸರುಗಳೂ ಎದ್ದು ಬರುತ್ತವೆ.

ಬ್ಯಾಂಕಿಗೆ ಅರ್ಜಿ ಹಾಕಿದ್ದು ಮುಂಗಡ ಕೊಟ್ಟ ಮೇಲೆ. ಅವರ ಪ್ಯಾನೆಲ್ ವಕೀಲರು ಕಾಗದ ನೋಡಿ ಏಪ್ರಿಲ್‌ನಲ್ಲಿ ಒಂದೂವರೆ ಪುಟದ ವರದಿ ಕೊಟ್ಟರು. ಸಾಲ ಕೊಡಲು ಬರುವುದಿಲ್ಲ ಎಂದಾಯಿತು. ಇನ್ನೊಂದು ಬ್ಯಾಂಕಿಗೆ ಹೋದೆವು. ಅಲ್ಲೂ ಅದೇ ಉತ್ತರ. ಮಾಲೀಕರು ತಂಗಿಯ ಸಹಿ ತರುತ್ತೇನೆ ಎಂದು ಎರಡು ಸಲ ಮುಂಬೈಗೆ ಹೋಗಿ ಬಂದರು, ಬರಿಗೈಯಲ್ಲಿ. ಮೇ ಕೊನೆಗೆ ಗಡುವು ಮುಗಿಯಿತು. ಕೊಳ್ಳುವವರು ಗಡುವಿನೊಳಗೆ ಹಣ ಪೂರೈಸದಿದ್ದರೆ ಮುಂಗಡ ವಾಪಸಿಲ್ಲ ಎಂದು ಕರಾರಿನಲ್ಲಿ ಬರೆದಿತ್ತು. ಅದನ್ನು ನಾವು ಓದಿಯೇ ಸಹಿ ಹಾಕಿದ್ದೆವು. ಕಾಗದ ಸರಿ ಇಲ್ಲದೆ ಬ್ಯಾಂಕ್ ಸಾಲ ನಿರಾಕರಿಸಿದರೆ ಮುಂಗಡ ಪೂರ್ತಿ ಹಿಂದಿರುಗಿಸಬೇಕು ಎಂಬ ಒಂದೇ ಒಂದು ಸಾಲು ಅದರಲ್ಲಿ ಇರಲಿಲ್ಲ. ಬರೆಸಿದ್ದರೆ ಅವರು ಬೇಡ ಎನ್ನುತ್ತಿರಲಿಲ್ಲ ಎಂದು ಈಗಲೂ ನನಗೆ ಅನಿಸುತ್ತದೆ. ನಾವು ಕೇಳಲೇ ಇಲ್ಲ.

ಕೋರ್ಟಿಗೆ ಹೋಗಬಹುದಿತ್ತು. ವರ್ಷಗಟ್ಟಲೆ ಅಲೆಯುವ ಶಕ್ತಿ ಇರಲಿಲ್ಲ. ಎರಡು ವರ್ಷದಲ್ಲಿ ಕಂತು ಕಂತಾಗಿ 1 ಲಕ್ಷ ವಾಪಸ್ ಬಂತು. 2 ಲಕ್ಷ ಹೋಯಿತು.

ಇನ್ನೊಂದು ವಿಷಯ ನನಗೆ ಇವತ್ತಿಗೂ ಚುಚ್ಚುತ್ತದೆ. ಮುಂಗಡ ಕೊಡುವ ಹಿಂದಿನ ದಿನ ಶಿರಸಿಯಿಂದ ಅಪ್ಪಯ್ಯ ಫೋನ್ ಮಾಡಿದ್ದರು. "ಬಿನ್‌ಶೇತ್ಕಿ ಆಜಾ ತಂಗೀ?" (ಆಗಿದೆಯಾ) ಎಂದು ಕೇಳಿದರು. "ಮನೆಯೇ ಇದೆಯಲ್ಲ ಅಪ್ಪಯ್ಯ, ಖಾಲಿ ಜಾಗ ಅಲ್ಲ" ಎಂದೆ. ಅವರು ಮತ್ತೆ ಮಾತಾಡಲಿಲ್ಲ. ಘಟ್ಟದ ಮೇಲೆ ಅಡಿಕೆ ತೋಟದವರಿಗೆ ಇದು ರಕ್ತದಲ್ಲೇ ಇರುತ್ತದೆ. ತೋಟಕ್ಕೆ ಸೊಪ್ಪಿನ ಬೆಟ್ಟ ಇರುತ್ತದೆ, ಸೊಪ್ಪು ತರುವ ಹಕ್ಕು ಇರುತ್ತದೆ, ಆದರೆ ಆ ನೆಲ ನಮ್ಮದಲ್ಲ. ನೂರು ವರ್ಷ ಅನುಭವಿಸಿದರೂ ಮಾರುವ ಹಾಗಿಲ್ಲ. ಒಂದು ಜಾಗದಲ್ಲಿ ಬದುಕುವುದು ಬೇರೆ, ಅದು ನಮ್ಮ ಹೆಸರಲ್ಲಿರುವುದು ಬೇರೆ ಎಂದು ಅವರಿಗೆ ಗೊತ್ತಿತ್ತು. ನನಗೂ ಗೊತ್ತಿರಬೇಕಿತ್ತು, ಅದೇ ಮನೆಯಲ್ಲಿ ಬೆಳೆದವಳು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನೇರವಾಗಿ ಹೇಳುತ್ತೇನೆ, "ಯಾವಾಗ" ಎಂಬ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಯಾಕೆ ಅಂದರೆ ಆ ಲೆಕ್ಕ ನಾನು ಮಾಡಿ ನೋಡಿದ್ದೇನೆ.

2020ರ ಮೇ ತಿಂಗಳಲ್ಲಿ ರೆಪೊ ದರ (ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ದರ) 4 ಪರ್ಸೆಂಟಿಗೆ ಇಳಿಯಿತು. ಮನೆ ಸಾಲ ಅಷ್ಟು ಅಗ್ಗವಾದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಎಲ್ಲರೂ ಈಗ ತೆಗೆದುಕೊಳ್ಳಿ ಎಂದರು. ನಮ್ಮ ಕೈಯಲ್ಲಿ ಹಣವೇ ಇರಲಿಲ್ಲ, ಅದು ಅವರ್ಸಾದಲ್ಲಿ ಸಿಕ್ಕಿಹಾಕಿಕೊಂಡಿತ್ತು. ಕೊನೆಗೆ ನಾವು ಕೊಂಡದ್ದು 2022ರ ನವೆಂಬರಿನಲ್ಲಿ, ಅಂಕೋಲಾ ಪಟ್ಟಣದಲ್ಲಿ ಒಂದು ಚಿಕ್ಕ ತಾರಸಿ ಮನೆ. ಆಗ ದರ ಮೇ ತಿಂಗಳಿನಿಂದ ಮೇಲೆ ಮೇಲೆ ಏರುತ್ತಿತ್ತು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಈಗ ಬೇಡ, ಕಾಯಿರಿ ಎಂದರು. ನಾವು 8.5 ಪರ್ಸೆಂಟಿಗೆ 22 ಲಕ್ಷ ಸಾಲ ಮಾಡಿದೆವು, 20 ವರ್ಷಕ್ಕೆ. ಕಂತು 19,092 ರೂಪಾಯಿ.

ಅದೇ ಸಾಲ 7.5 ಪರ್ಸೆಂಟಿಗೆ ಸಿಕ್ಕಿದ್ದರೆ ಕಂತು 17,723 ಆಗುತ್ತಿತ್ತು. ತಿಂಗಳಿಗೆ 1,369 ರೂಪಾಯಿ ವ್ಯತ್ಯಾಸ. ಕಡಿಮೆ ಏನಲ್ಲ. ಆದರೆ ನಾನು ಒಂದು ಶನಿವಾರ ಸಂಜೆ ಕಳೆದುಕೊಂಡ 2 ಲಕ್ಷ ಈ ವ್ಯತ್ಯಾಸದ 146 ತಿಂಗಳಿಗೆ ಸಮ. ಹನ್ನೆರಡು ವರ್ಷ ದಾಟುತ್ತದೆ. ಅದರ ಮೇಲೆ, ಬಡ್ಡಿ ಅಲ್ಲೇ ನಿಲ್ಲುವುದೂ ಇಲ್ಲ. 2023ರ ಫೆಬ್ರವರಿಯಲ್ಲಿ ರೆಪೊ 6.5ಕ್ಕೆ ಹೋಯಿತು, 2025ರಲ್ಲಿ ನಾಲ್ಕು ಸಲ ಇಳಿದು ಡಿಸೆಂಬರಿಗೆ 5.25ಕ್ಕೆ ಬಂತು. ರೆಪೊಗೆ ಜೋಡಿಸಿದ ಸಾಲವಾದರೆ ಇಳಿದದ್ದು ನಿಮಗೂ ಬರುತ್ತದೆ, ಏರಿದ್ದೂ ಬರುತ್ತದೆ. ಏರಿದಾಗ ನಮ್ಮ ಬ್ಯಾಂಕ್ ಕಂತು ಅಷ್ಟೇ ಇಟ್ಟು ಅವಧಿ ಉದ್ದ ಮಾಡಿತ್ತು. ಅವಧಿ ಹೆಚ್ಚಿಸಬೇಕಾ, ಕಂತು ಹೆಚ್ಚಿಸಬೇಕಾ ಎಂದು ಸಾಲಗಾರರನ್ನೇ ಕೇಳಬೇಕು ಎಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟಿನಲ್ಲಿ ಹೇಳಿದ ಮೇಲೆ ನಾವು ಹೋಗಿ ಕಂತು ಹೆಚ್ಚಿಸಿಕೊಂಡೆವು. ಅಂದರೆ ಬಡ್ಡಿಯ ತಪ್ಪನ್ನು ಆಮೇಲೆ ಒಂದಿಷ್ಟು ಸರಿ ಮಾಡಿಕೊಳ್ಳಬಹುದು. ಜಾಗದ ತಪ್ಪನ್ನು ಹಾಗೆ ಸರಿ ಮಾಡಿಕೊಳ್ಳಲು ಆಗುವುದಿಲ್ಲ.

ನಿಮ್ಮ 8 ಲಕ್ಷದ ಬಗ್ಗೆಯೂ ಒಂದು ಮಾತು. 36 ಲಕ್ಷದ ಮನೆಗೆ ಬ್ಯಾಂಕ್ 80 ಪರ್ಸೆಂಟ್ ಕೊಟ್ಟರೂ ನಿಮ್ಮ ಕೈಯಿಂದ 7.2 ಲಕ್ಷ ಬೇಕು. ಮುದ್ರಾಂಕ ಶುಲ್ಕ, ಸೆಸ್ಸು, ಸರ್‌ಚಾರ್ಜು, ನೋಂದಣಿ ಶುಲ್ಕ ಸೇರಿ ಹತ್ತಿರ ಹತ್ತಿರ ಏಳೂವರೆ ಪರ್ಸೆಂಟ್ ಆಗುತ್ತದೆ. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ 1 ಪರ್ಸೆಂಟ್ ಇದ್ದದ್ದು 2 ಆಗಿದೆ, ಬಹಳ ಜನ ಹಳೆಯ ಲೆಕ್ಕದಲ್ಲೇ ಇರುತ್ತಾರೆ. ಅದಕ್ಕೇ 2.7 ಲಕ್ಷ ಬೇಕು, ಬ್ಯಾಂಕ್ ಅದನ್ನು ಮನೆಯ ಬೆಲೆಯಲ್ಲಿ ಸೇರಿಸಿಕೊಳ್ಳುವುದಿಲ್ಲ. ಒಟ್ಟು 10 ಲಕ್ಷದ ಹತ್ತಿರ. ಕಡಿಮೆ ಬೀಳುವ 2 ಲಕ್ಷಕ್ಕೆ ಪರ್ಸನಲ್ ಲೋನ್ ಮಾಡಬೇಡಿ, ದಯವಿಟ್ಟು. ನಿಮಗೆ ಒಂದು ವರ್ಷ ಬೇಕಾಗಿರುವುದು ಬಡ್ಡಿ ಇಳಿಯಲಿ ಎಂದಲ್ಲ, ಈ ಹಣ ಕೂಡಿಸುವುದಕ್ಕೆ. ಅಥವಾ 28–29 ಲಕ್ಷದ ಮನೆ ನೋಡಿ.

ಆ ವರ್ಷವನ್ನು ವ್ಯರ್ಥ ಮಾಡಬೇಡಿ. ಅಂಕೋಲಾದ ಮನೆಯನ್ನು ನಾವು ಮೊದಲು ಮೇ ತಿಂಗಳಲ್ಲಿ ನೋಡಿದೆವು, ಬಾವಿಯ ನೀರು ಬಾಯಿಗೆ ಹಾಕಿ ನೋಡಿದೆವು. ಸಮುದ್ರದ ಅಥವಾ ಹೊಳೆಬಾಯಿಯ ಹತ್ತಿರದ ಬಾವಿಗಳು ಫೆಬ್ರವರಿಯಲ್ಲಿ ಸಿಹಿ ಇದ್ದು ಮೇನಲ್ಲಿ ಉಪ್ಪಾಗುವುದು ನಿಮಗೇ ಗೊತ್ತಲ್ವಾ. ಆಮೇಲೆ ಜುಲೈಯಲ್ಲಿ, ಜೋರು ಮಳೆಯ ದಿನ ಛತ್ರಿ ಹಿಡಿದು ಹೋದೆವು. ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ಹಿಂದಿನ ಗುಡ್ಡದ ಧರೆಯನ್ನು ಯಾರಾದರೂ ಕಡಿದಿದ್ದಾರಾ ಎಂದು ನೋಡಿದೆವು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದ ನಂತರ ಇದನ್ನು ನಾನು ಯಾರಿಗೂ ಹೆಚ್ಚು ವಿವರಿಸಬೇಕಾಗಿಲ್ಲ. ಆ ರಸ್ತೆಯಲ್ಲಿ ನಾವೆಲ್ಲ ಓಡಾಡುವವರೇ. ನಿಮ್ಮ ಸದಾಶಿವಗಡದ ಮನೆ ಕಾಳಿ ನದಿಯ ದಡಕ್ಕೆ ಹತ್ತಿರವಾದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಗೆರೆಯೊಳಗೆ ಬರುತ್ತದಾ ಎಂದೂ ಕೇಳಿ. ಮುಂದೆ ಒಂದು ಕೋಣೆ ಕಟ್ಟಲು ಹೊರಟಾಗ ಅದು ಅಡ್ಡ ಬರುತ್ತದೆ.

ಅವರ್ಸಾದ ಆ ಮನೆಯ ಮುಂದೆ ವಾರಕ್ಕೆರಡು ಸಲ ಬಸ್ಸಿನಲ್ಲಿ ಹೋಗುತ್ತೇನೆ. ಗೋವಾದ ಪಾರ್ಟಿ ಬರಲಿಲ್ಲ. ಬೇರೆ ಯಾರೂ ಕೊಂಡಿಲ್ಲ. ಮಾಲೀಕರ ಮಗ ಈಗ ಅದರಲ್ಲಿದ್ದಾನೆ, ಅಂಗಳದಲ್ಲಿ ಶಂಕರಪೋಳಿಯ ಸಣ್ಣ ಅಂಗಡಿ ಹಾಕಿದ್ದಾನೆ.

ಹಾಗಾಗಿ ಈ ಭಾನುವಾರ ದುಡ್ಡು ಕೊಡಬೇಡಿ. ದಲ್ಲಾಳಿಗೆ ಫೋನ್ ಮಾಡಿ, ಉತಾರದ ಪ್ರತಿ, ಪಹಣಿ, ಬಿನ್‌ಶೇತ್ಕಿ ಆದೇಶ, ಮಾಲೀಕರಿಗೆ ಆಸ್ತಿ ಬಂದ ಪತ್ರ, ಇಷ್ಟನ್ನು ಕೊಡಿ ಎನ್ನಿ. ಮೂವತ್ತು ವರ್ಷದ ಇಸಿಯನ್ನು (ಋಣಭಾರ ಪ್ರಮಾಣಪತ್ರ) ನೀವೇ ತೆಗೆಸಿ. ಸೋಮವಾರ ಅವನ್ನು ಸಾಲ ಕೊಡುವ ಬ್ಯಾಂಕಿಗೇ ಒಯ್ದು, ವಕೀಲರ ಫೀ ನಾನೇ ಕೊಡುತ್ತೇನೆ, ಮೊದಲು ವರದಿ ಬರಲಿ ಎಂದು ಹೇಳಿ. ಕೆಲವು ಸಾವಿರದಲ್ಲಿ ಮುಗಿಯುತ್ತದೆ. ವರದಿ ಬರುವವರೆಗೆ ಕಾಯಲು ಮಾಲೀಕರು ಒಪ್ಪದಿದ್ದರೆ ಆ ಮನೆಯನ್ನು ಬಿಟ್ಟುಬಿಡಿ. ಒಪ್ಪಿದರೆ, ಉತಾರದ ಮೇಲೆ ಯಾವ ನಮೂನೆ ಎಂದು ಬರೆದಿದೆ, ಪಹಣಿಯಲ್ಲಿ ಎಷ್ಟು ಹೆಸರಿದೆ ಎಂದು ಇಲ್ಲೇ ಬರೆಯಿರಿ. ನಾನು ಶಾಲೆಯಿಂದ ಬಂದ ಮೇಲೆ ಸಂಜೆ ನೋಡುತ್ತೇನೆ.