ಹೂ ಉಂಟು, ಕಾಯಿ ಇಲ್ಲ: ಚೀನಿಕಾಯಿ ಬಳ್ಳಿಯ ಕೆಲಸ ಮಗಳಿಗೆ ಕೊಡಿ

ಅಕ್ಕ, ಮಣಿಪಾಲದ ಟೆರೇಸಿನಲ್ಲಿ ಗೋಣಿಚೀಲಕ್ಕೆ ಹಾಕಿದ ಚೀನಿಕಾಯಿ (ಸಿಹಿಗುಂಬಳ) ಬಳ್ಳಿ ಹೂ ಬಿಡ್ತದೆ, ಮಿಡಿ ಮಾತ್ರ ಹಳದಿಯಾಗಿ ಉದುರ್ತದೆ, ಐದು ವರ್ಷದ ಮಗಳು "ನನ್ನ ಕಾಯಿ ಎಲ್ಲಿ" ಅಂತ ದಿನಾ ಕೇಳ್ತಾಳೆ ಅಂದಿರಲ್ಲ. ನಿಮ್ಮ ಪ್ರಶ್ನೆಗೆ ಇಬ್ಬರು ಗೊಬ್ಬರ ಹೆಚ್ಚು ಹಾಕಿ ಅಂದಿದ್ದಾರೆ. ಬೇಡ ಮಾರಾಯ್ರೆ. ಸೆಗಣಿ, ಹಿಂಡಿ ಜಾಸ್ತಿಯಾದರೆ ಎಲೆ ಕೊಡೆಯಷ್ಟಾಗ್ತದೆ, ಕಾಯಿ ಹಾಗೇ ಬಾಕಿ.

ಉದುರಿದ ಮಿಡಿಯನ್ನು ಕೊಯ್ದು ನೋಡಿ. ಒಳಗೆ ಬಿಳಿ ಹುಳ ಇದ್ದರೆ ಹಣ್ಣುನೊಣದ ಕೆಲಸ. ಹುಳ ಇಲ್ಲದೆ ಬರೀ ಸುರುಟಿದ್ದರೆ ಪರಾಗ ಸಿಕ್ಕಿಲ್ಲ ಅಂತ. ಮೂರನೇ ಮಹಡಿಗೆ ಜೇನು ಬರುವುದು ಕಮ್ಮಿ, ನಿಮ್ಮದು ಇದೇ ಇರಬೇಕು.

ಹಾಗಾಗಿ ಜೇನಿನ ಕೆಲಸ ಮಗಳಿಗೆ. ಸಪೂರ ಉದ್ದ ತೊಟ್ಟಿನ ಹೂ ಗಂಡು, ಬುಡದಲ್ಲಿ ಗೋಲಿಯಂಥ ಪುಟ್ಟ ಕಾಯಿ ಇದ್ದದ್ದು ಹೆಣ್ಣು. ನನ್ನ ತಂಗಿಯ ಮಗ ಅದಕ್ಕೆ "ಹೊಟ್ಟೆ ಹೂ" ಅಂತ ಹೆಸರಿಟ್ಟ, ಈಗ ಮನೆಯಲ್ಲಿ ಎಲ್ಲರೂ ಹಾಗೇ ಹೇಳುವುದು. ಬಳ್ಳಿಯಲ್ಲಿ ಮೊದಲು ಗಂಡು ಹೂಗಳೇ ಬರುವುದು, ವಾರ ಹತ್ತು ದಿನ ಬಿಟ್ಟು ಹೆಣ್ಣು. ಬೆಳಕು ಹರಿಯುವಾಗ ಅರಳಿದ್ದು ಬಿಸಿಲೇರುವಾಗ ಮುದುಡ್ತದೆ, ಆದ್ದರಿಂದ 6ರಿಂದ 8 ಗಂಟೆಯೊಳಗೆ, ಶಾಲೆಯ ವ್ಯಾನು ಬರುವ ಮೊದಲೇ ಆಗಬೇಕು. ಆಗಷ್ಟೇ ಅರಳಿದ ಗಂಡು ಹೂ ಕೊಯ್ದು, ಎಸಳು ಕಿತ್ತು, ನಡುವಿನ ಹಳದಿ ಕಡ್ಡಿಯನ್ನು ಹೊಟ್ಟೆ ಹೂವಿನೊಳಗೆ ಮೆಲ್ಲ ಸವರುವುದು. ಸಣ್ಣ ಬೆರಳೇ ಇದಕ್ಕೆ ಲಾಯಕ್ಕು. ಮೂಗಿನ ತುದಿಗೆ ಹುಡಿ ಮೆತ್ತಿಕೊಳ್ಳದೆ ಅವಳು ಕೆಳಗಿಳಿಯುವುದಿಲ್ಲ, ನೋಡಿ ಬೇಕಾದರೆ. ನಾಲ್ಕೈದು ದಿನದಲ್ಲಿ ಮಿಡಿ ಉಬ್ಬಿದರೆ ನಿಂತಿತು ಅಂತ ಲೆಕ್ಕ. ಕೂಡಲೇ ಕಾಗದದ ಚೀಲ ಕಟ್ಟಿ, ನೊಣ ಕಾಯ್ತಾ ಇರ್ತದೆ.

ಮಿಡಿಗೆ ಬೆರಳು ತೋರಿಸಿದರೆ ಕೊಳೀತದೆ ಅಂತ ನಮ್ಮ ಅಜ್ಜಿ ಹೇಳ್ತಿದ್ದರು, ತೋರಿಸುವುದಾದರೆ ಬೆರಳು ಮಡಿಸಿಯೇ ತೋರಿಸಬೇಕು. ನಿಜವೋ ಸುಳ್ಳೋ, ಮಕ್ಕಳು ಹಿಸುಕಿ ನೋಡದ ಹಾಗೆ ಮಾಡಲು ಇದಕ್ಕಿಂತ ಒಳ್ಳೆ ಉಪಾಯ ನನಗೆ ಗೊತ್ತಿಲ್ಲ.

ಕಾಯಿ ತೆಂಗಿನಕಾಯಿಯಷ್ಟಾದಾಗ ಚೀಲ ಬಿಚ್ಚಿ, ಮೊಳೆಯ ತುದಿಯಿಂದ ಮಗಳ ಹೆಸರು ಗೀರಿ. ಅಂಟು ಒಸರಿ ಒಣಗ್ತದೆ, ಆಮೇಲೆ ಕಾಯಿ ದೊಡ್ಡದಾದ ಹಾಗೆ ಅಕ್ಷರವೂ ಉಬ್ಬಿಕೊಂಡು ದೊಡ್ಡದಾಗ್ತದೆ. ಸಿಪ್ಪೆಯ ಮೇಲ್ಪದರ ಮಾತ್ರ, ಆಯ್ತಾ? ನಾನೊಮ್ಮೆ ಚಂದ ಕಾಣಲಿ ಅಂತ ಆಳಕ್ಕೆ ಗೀರಿ, ಮೂರು ಅಕ್ಷರಕ್ಕೇ ಕಾಯಿ ಕೊಳೆಸಿದವ. ಮಳೆಯಲ್ಲಿ ಈ ಆಟ ಬೇಡವೇ ಬೇಡ.

ಒಂದು ಚೀಲಕ್ಕೆ ಒಂದೇ ಬಳ್ಳಿ, ಎರಡು ಕಾಯಿ ಸಾಕು. ಚಪ್ಪರಕ್ಕೆ ಹಬ್ಬಿಸಿದರೆ ಕಾಯಿಗೆ ಹಳೆ ಸೀರೆಯ ತೊಟ್ಟಿಲು ಕಟ್ಟಿ. ಬೀಜ ಹಾಕಿ 100–120 ದಿನಕ್ಕೆ ತೊಟ್ಟು ಒಣಗಿ, ಸಿಪ್ಪೆಗೆ ಉಗುರು ಊರದ ಹಾಗಾದಾಗ ಎರಡು ಇಂಚು ತೊಟ್ಟು ಬಿಟ್ಟು ಕೊಯ್ಯಿರಿ. ತೊಟ್ಟು ಮುರಿದರೆ ಅಲ್ಲಿಂದಲೇ ಕೊಳೆ ಶುರು. ಮುಂದಿನ ಸಲ ಮಳೆ ಬಿಟ್ಟ ಮೇಲೆ, ದೀಪಾವಳಿ ಹೊತ್ತಿಗೆ ಬೀಜ ಹಾಕಿ. ಇಲ್ಲಿನ ಜೂನ್–ಜುಲೈ ಮಳೆಗೆ ಹೂವಿನ ಹುಡಿಯೆಲ್ಲ ತೊಳೆದು ಹೋಗ್ತದೆ.

ಕೊದ್ದೆಲ್ (ನಮ್ಮ ಕಡೆಯ ಸಾಂಬಾರು) ಮಾಡಿದರೆ ಅವಳು ಮೂಗು ಮುರಿಯಬಹುದು. ತುರಿದು ಬೆಲ್ಲ, ಅಕ್ಕಿಹಿಟ್ಟು ಹಾಕಿ ಗಾರಿಗೆ ಮಾಡಿ, ಬಾಣಲೆ ಹತ್ತಿರವೇ ಖಾಲಿ. ಅಲ್ಲಿಯವರೆಗೆ ಗಂಡು ಹೂವಿನ ಪೋಡಿ (ಬಜ್ಜಿ) ಉಂಟಲ್ಲ. ಆದರೆ ಬೆಳಗಿನ ಕೆಲಸ ಮುಗಿದು ಮುದುಡಿದ ಹೂ ಮಾತ್ರ ಕೊಯ್ಯಿರಿ, ಮೊಗ್ಗು ಮುಟ್ಟಬೇಡಿ. ನಾಳೆ ಆರು ಗಂಟೆಗೆ ಅವಳಿಗೆ ಬೇಕು.