ಫ್ರೀ ರ‍್ಯಾಡಿಕಲ್‌ಗೂ ಪಾಲಿಮರ್‌ಗೂ ಏನು ಸಂಬಂಧ?

ಫ್ರೀ ರ‍್ಯಾಡಿಕಲ್ ದೇಹಕ್ಕೆ ಕೆಟ್ಟದ್ದು ಅಂತ ಕೇಳಿದ್ದೇನೆ, ಪಾಲಿಮರ್‌ನಲ್ಲಿ ಅದಕ್ಕೇನು ಕೆಲಸ ಅಂತ ಕೇಳಿದ್ದೀರಿ. ಪಾಲಿಮರ್ ಅಂದರೆ ಚಿಕ್ಕ ಅಣುಗಳು ಉದ್ದ ಸರಪಳಿಯಾಗಿ ಕೂಡಿದ ವಸ್ತು, ಪ್ಲಾಸ್ಟಿಕ್ ಹಾಗೆ. ನಾನು ಕಾರವಾರದ ಬೈತಖೋಲ್ ಬಂದರಿನ ಹತ್ತಿರ ಫೈಬರ್ ದೋಣಿ ರಿಪೇರಿ ಮಾಡುತ್ತೇನೆ. ನನ್ನ ಮಟ್ಟಿಗೆ ರ‍್ಯಾಡಿಕಲ್ ಇಲ್ಲದೆ ಕೆಲಸವೇ ಇಲ್ಲ.

ದೋಣಿಗೆ ಬಳಿದು ಗಟ್ಟಿ ಮಾಡುವ ಅಂಟುದ್ರವ ರೆಸಿನ್. ಅದರ ಡಬ್ಬಿಯಲ್ಲಿ ಪಾಲಿಯೆಸ್ಟರ್‌ನ ಗಿಡ್ಡ ಸರಪಳಿಗಳು ಸ್ಟೈರೀನ್ ಎಂಬ ದ್ರವದಲ್ಲಿ ಕರಗಿರುತ್ತವೆ. ಅದಕ್ಕೆ ಮೊದಲು ನೇರಳೆ ಬಣ್ಣದ ಕೋಬಾಲ್ಟ್ ದ್ರಾವಣ ಕಲಸುತ್ತೇವೆ. ಆಮೇಲೆ 100ಕ್ಕೆ 1–2 ಪಾಲು ಹಾರ್ಡನರ್. (ಇವೆರಡನ್ನೂ ನೇರವಾಗಿ ಯಾವತ್ತೂ ಬೆರೆಸಬೇಡಿ, ಸ್ಫೋಟ ಆಗಬಹುದು.) ಹಾರ್ಡನರ್ ಅಂದರೆ ಪೆರಾಕ್ಸೈಡ್. ಅದರಲ್ಲಿ ಎರಡು ಆಕ್ಸಿಜನ್ ಪರಮಾಣುಗಳ ನಡುವಿನ ಕೊಂಡಿ ಬಹಳ ಸಡಿಲ. ಕೋಬಾಲ್ಟ್ ಅದನ್ನು ಮುರಿಯುತ್ತದೆ. ಮುರಿದ ತುಂಡಿನಲ್ಲಿ ಒಂದು ಎಲೆಕ್ಟ್ರಾನ್ ಜೋಡಿಯಿಲ್ಲದೆ ಉಳಿಯುತ್ತದೆ. ಅದೇ ರ‍್ಯಾಡಿಕಲ್. ಅದು ಪಕ್ಕದ ಸ್ಟೈರೀನನ್ನು ಹಿಡಿಯುತ್ತದೆ. ಈಗ ಒಂಟಿ ಎಲೆಕ್ಟ್ರಾನ್ ಆ ತುದಿಯಲ್ಲಿ, ಅದು ಇನ್ನೊಂದನ್ನು ಹಿಡಿಯುತ್ತದೆ. ಹೀಗೆ ಸಾಗುತ್ತಾ ಪಾಲಿಯೆಸ್ಟರ್ ಸರಪಳಿಗಳನ್ನೂ ಬಲೆಯ ಗಂಟಿನ ಹಾಗೆ ಕಟ್ಟಿಬಿಡುತ್ತದೆ. ಡಬ್ಬಿ ಮುಟ್ಟಿದರೆ ಕೈಗೆ ಬಿಸಿ ತಾಗುತ್ತದೆ. ಮೇ ತಿಂಗಳ ಸೆಕೆಯಲ್ಲಿ ಸ್ವಲ್ಪ ಮೈಮರೆತರೂ ಬ್ರಶ್ ಡಬ್ಬಿಯಲ್ಲೇ ಕಚ್ಚಿಕೊಳ್ಳುತ್ತದೆ.

ಒಳಗೆ ಗಟ್ಟಿಯಾದರೂ ಮೇಲೆ ಅಂಟಂಟು ಉಳಿಯುತ್ತದೆ. ಗಾಳಿಯ ಆಕ್ಸಿಜನ್ ರ‍್ಯಾಡಿಕಲ್‌ಗೆ ಸೇರಿ ಅದನ್ನು ಮಂದ ಮಾಡುತ್ತದೆ. ಅದಕ್ಕೇ ಕೊನೆಯ ಕೋಟ್‌ಗೆ ಚೂರು ಮೇಣ ಹಾಕುತ್ತೇವೆ. ಮೇಣ ಮೇಲಕ್ಕೆ ಬಂದು ಗಾಳಿ ತಡೆಯುತ್ತದೆ.

ಪಿವಿಸಿ ಪೈಪು, ಥರ್ಮೋಕೋಲ್ ಎಲ್ಲ ಹೀಗೇ ರ‍್ಯಾಡಿಕಲ್ ಕಟ್ಟಿದ ಸರಪಳಿಗಳೇ. ತೆಳು ಪಾಲಿಥೀನ್ ಕೂಡ. ಅದು 1933ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯ ಪ್ರಯೋಗಾಲಯದಲ್ಲಿ ಸಿಕ್ಕಿದ್ದು.

ಆದರೆ ನನಗೆ ಜಾಸ್ತಿ ಆಶ್ಚರ್ಯ ತಂದದ್ದು ಹಗ್ಗ. ಪಾಲಿಪ್ರೊಪಿಲೀನ್ ಹಗ್ಗ ಬಿಸಿಲಲ್ಲಿ ಬಿದ್ದಿದ್ದರೆ ಬಿಳಿಚಿಕೊಂಡು, ಉಜ್ಜಿದಾಗ ಕೈಗೆ ಪುಡಿ ಹತ್ತುತ್ತದೆ ಅಲ್ವಾ? ಉಪ್ಪುನೀರು ತಿಂತು ಅನ್ನುತ್ತಾರೆ. ತಿಂದದ್ದು ಬಿಸಿಲು. ಅದರ ಅತಿನೇರಳೆ ಕಿರಣ ಹಗ್ಗದಲ್ಲೇ ರ‍್ಯಾಡಿಕಲ್ ಹುಟ್ಟಿಸುತ್ತದೆ. ಅದಕ್ಕೆ ಆಕ್ಸಿಜನ್ ಸೇರಿ, ಪಕ್ಕದ ಸರಪಳಿಯಿಂದ ಒಂದು ಹೈಡ್ರೋಜನ್ ಕಿತ್ತುಕೊಂಡರೆ ಪೆರಾಕ್ಸೈಡ್ ಆಯಿತು. ಹಾರ್ಡನರ್ ಬಾಟಲಿಯಲ್ಲಿದ್ದ ಅದೇ ಸಡಿಲ ಕೊಂಡಿ ಈಗ ಹಗ್ಗದೊಳಗೆ! ಅದು ಮುರಿದರೆ ಮತ್ತಷ್ಟು ರ‍್ಯಾಡಿಕಲ್, ಸರಪಳಿ ತುಂಡು ತುಂಡು. ದೋಣಿಯನ್ನು ಗಟ್ಟಿ ಮಾಡಿದ್ದೂ ಇದೇ, ಹಗ್ಗವನ್ನು ಪುಡಿ ಮಾಡಿದ್ದೂ ಇದೇ.

ಹಗ್ಗ ಕೊಳ್ಳುವಾಗ ಮಸಿ ಬೆರೆಸಿದ ಕಪ್ಪು ಹಗ್ಗ ಸಿಕ್ಕರೆ ತಗೊಳ್ಳಿ. ಆ ಮಸಿ ಬಿಸಿಲನ್ನು ತಾನೇ ನುಂಗುತ್ತದೆ. ಬೇರೆ ಬಣ್ಣದ್ದಾದರೆ ಕೆಲಸ ಮುಗಿದ ಮೇಲೆ ಸುಮ್ನೆ ಬಿಸಿಲಲ್ಲಿ ಬಿಡಬೇಡಿ, ಮೇಲೊಂದು ಗೋಣಿಚೀಲ ಹೊದಿಸಿ.