ಮಾವಿನ ಮರವೂ ಬೇಕು, ಲಾನೂ ಬೇಕು

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ಮನೆ ಬೆಂಗಳೂರಿನ ಹೊರಗೆ, ಕನಕಪುರ ರಸ್ತೆ ಕಡೆಯ ಒಂದು ಲೇಔಟಿನಲ್ಲಿದೆ. 2016ರಲ್ಲಿ ಮನೆ ಕಟ್ಟಿದಾಗ ಮುಂದಿನ 600 ಚದರ ಅಡಿ ಜಾಗಕ್ಕೆ ಮೆಕ್ಸಿಕನ್ ಲಾನ್ ಹಾಕಿಸಿ, ಮೂಲೆಯಲ್ಲಿ ಒಂದು ಬಾದಾಮಿ ಮಾವಿನ ಕಸಿ ಗಿಡ ನೆಟ್ಟೆವು. ಏಳೆಂಟು ವರ್ಷ ಲಾನ್ ಚೆನ್ನಾಗೇ ಇತ್ತು. 2024ರ ಬೇಸಿಗೆಯಲ್ಲಿ ಬೋರ್ ಬತ್ತಿತು, ಟ್ಯಾಂಕರಿಗೆ ಕಾಯುವ ಪರಿಸ್ಥಿತಿ ಬಂತು, ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5000 ರೂಪಾಯಿ ದಂಡ ಅಂತ ಜಲಮಂಡಳಿಯೂ ಹೇಳಿತು. ಅವತ್ತಿನಿಂದ ನೀರು ನಿಲ್ಲಿಸಿದೆವು. ಈಗ ನೋಡಿದರೆ ಕಜ್ಜಿ ಹತ್ತಿದ ನಾಯಿ ಮೈ ಥರ ಇದೆ. ಮರದ ಕೆಳಗೆ ಬೋಳು, ಬಿಸಿಲಿರುವ ಕಡೆ ಗರಿಕೆ, ನಲ್ಲಿ ಹತ್ತಿರ ಒಂದೆಲಗ, ಉಳಿದ ಕಡೆ ಕೊನ್ನಾರಿ. (ಒಂದೇ ಸಮಾಧಾನ, 2025ರ ಜನವರಿಯಲ್ಲಿ ಮಾವು ಮೊದಲ ಸಲ ಮೈತುಂಬ ಹೂ ಬಿಟ್ಟಿತು.)

ಬರುವ ಫೆಬ್ರವರಿಯಲ್ಲಿ ಮಗಳ ನಿಶ್ಚಿತಾರ್ಥ, ಮನೆಯಲ್ಲೇ. ಎಲ್ಲ ಅಗೆಸಿ ಹೊಸ ಲಾನ್ ಹಾಕಿಸೋಣ ಅಂತಾರೆ ನಮ್ಮವರು. ಮಣ್ಣು ಸೇರಿ 50 ಸಾವಿರ ಕೇಳಿದ್ದಾನೆ ಮಾಲಿ. ಸಂಜೆ ಬರಿಗಾಲಲ್ಲಿ ಹುಲ್ಲಿನ ಮೇಲೆ ಓಡಾಡುವ ಆಸೆ ನನಗೂ ಹೋಗಿಲ್ಲ. ಆದರೆ ಪಕ್ಕದ ಶೆಡ್ಡಿನಲ್ಲಿದ್ದ ಕಟ್ಟಡ ಕೆಲಸದ ಹೆಂಗಸು ಬಿಂದಿಗೆ ಹಿಡಿದು ನಮ್ಮ ಗೇಟಿಗೆ ಬಂದಾಗ ನಾನು ಪೈಪ್ ಹಿಡಿದು ಹುಲ್ಲಿಗೆ ನೀರು ಬಿಡುತ್ತಾ ನಿಂತಿದ್ದೆ, ಅದು ನೆನಪಾದರೆ ಈಗಲೂ ಒಂಥರಾ ಆಗುತ್ತದೆ. ಏನು ಮಾಡಲಿ ಹೇಳಿ.
– ಓದುಗರೊಬ್ಬರು, ಬೆಂಗಳೂರು

ಉತ್ತರ: ಬ್ರಾಕೆಟ್ಟಿನೊಳಗೆ ಹಾಕಿದ್ದೀರಲ್ಲ ಮಾವಿನ ಹೂವಿನ ವಿಷಯ, ಅಲ್ಲೇ ಇದೆ ನೋಡಿ ಅರ್ಧ ಉತ್ತರ. ಮಾವಿಗೆ ಹೂ ಬಿಡುವ ಮುಂಚೆ ಎರಡು ಮೂರು ತಿಂಗಳು ಬುಡ ಒಣಗಿರಬೇಕು. ಅದಕ್ಕೇ ಮಳೆಗಾಲ ಮುಗಿದ ಮೇಲೆ ಮಾವಿನ ತೋಟದವರು ನೀರು ಕೊಡುವುದಿಲ್ಲ. ನೀರು ಸಿಗುತ್ತಲೇ ಇದ್ದರೆ ಮರ ಸುಮ್ನೆ ಎಲೆ ಚಿಗುರಿಸಿಕೊಂಡು ಇದ್ದುಬಿಡುತ್ತದೆ. ನೀವು ಇಷ್ಟು ವರ್ಷ ಲಾನಿಗೆ ಅಂತ ಬಿಟ್ಟ ನೀರಲ್ಲಿ ಮಾವೂ ಪಾಲು ಕುಡಿದಿದೆ. ಮರ ಬಲಿತದ್ದೂ ಒಂದು ಕಾರಣ ಇರಬಹುದು, ಆದರೆ ನೀರು ನಿಂತ ಮೇಲೆ ಬಂದ ಮೊದಲ ಜನವರಿಗೇ ಹೂ ಬಂತು ಅಂದರೆ ನನಗಂತೂ ಜಾಸ್ತಿ ಅನುಮಾನ ಇಲ್ಲ. ಫೆಬ್ರವರಿಗೆ ಲಾನ್ ಹಸಿರಾಗಿರಬೇಕು ಅಂದರೆ ನವೆಂಬರಿನಿಂದ ಜನವರಿವರೆಗೆ ನೀರು ಬಿಡಲೇಬೇಕು. ಮಾವಿಗೆ ನೀರು ಬೇಡದ ತಿಂಗಳುಗಳೂ ಅವೇ. ಇಡೀ ಜಾಗಕ್ಕೆ ಲಾನ್ ಹಾಕಿಸಿದರೆ ಹಣ್ಣಿನ ಆಸೆ ಬಿಡಿ.

ಗೇಟಿನ ಹತ್ತಿರದ ಆ ಮುಜುಗರಕ್ಕೆ ನನ್ನ ಬಳಿ ಔಷಧಿ ಇಲ್ಲ. ನಾನೂ ಹಾಗೆ ಪೈಪ್ ಹಿಡಿದು ನಿಂತವಳೇ. ಆಮೇಲೆ ಕೂತು ಲೆಕ್ಕ ಹಾಕಿದೆ, ನೀವೂ ಹಾಕಿ. ಬೇಸಿಗೆಯಲ್ಲಿ ಹುಲ್ಲಿಗೆ ದಿನಕ್ಕೆ ಹೆಚ್ಚುಕಮ್ಮಿ 5 ಮಿಲಿಮೀಟರ್ ನೀರು ಬೇಕು. ಒಂದು ಚದರ ಮೀಟರಿಗೆ 1 ಮಿಲಿಮೀಟರ್ ಅಂದರೆ 1 ಲೀಟರ್. ನಿಮ್ಮ 600 ಚದರ ಅಡಿ ಸುಮಾರು 56 ಚದರ ಮೀಟರ್. ಅಂದರೆ ದಿನಕ್ಕೆ 280 ಲೀಟರ್, 6000 ಲೀಟರಿನ ಒಂದು ಟ್ಯಾಂಕರ್ ಮೂರು ವಾರಕ್ಕೆ ಖಾಲಿ. ಅದೇ 200 ಚದರ ಅಡಿ ಆದರೆ ದಿನಕ್ಕೆ 100 ಲೀಟರ್ ಸಾಕು.

ಹಾಗಾಗಿ ನಾನಾದರೆ 200 ಅಡಿ ಮಾತ್ರ ಉಳಿಸಿಕೊಳ್ಳುತ್ತೇನೆ, ಅದೂ ಮರದಿಂದ ದೂರ. ಎಲ್ಲಿ ಅಂತ ಗೊತ್ತಾಗಬೇಕಾದರೆ ಒಂದು ಭಾನುವಾರ ಬೆಳಗ್ಗೆ 10ಕ್ಕೆ, ಮಧ್ಯಾಹ್ನ 3ಕ್ಕೆ ಹೊರಗೆ ಬಂದು ನೆರಳು ಎಲ್ಲಿ ಬಿದ್ದಿದೆ ನೋಡಿ. ಎರಡು ಸಲವೂ ಬಿಸಿಲಿದ್ದ ಜಾಗ ಹುಲ್ಲಿಗೆ. ಮರದ ಕೆಳಗೆ ಬೋಳಾಗಿದ್ದಕ್ಕೆ ನೀರೊಂದೇ ಕಾರಣ ಅಲ್ಲ, ದಟ್ಟ ನೆರಳಲ್ಲಿ ಮೆಕ್ಸಿಕನ್ ಹುಲ್ಲು ನಿಲ್ಲುವುದಿಲ್ಲ. ಎಷ್ಟು ಸಲ ಹಾಕಿಸಿದರೂ ಅಷ್ಟೇ. ಅಲ್ಲಿ ಬಿದ್ದ ಎಲೆಯನ್ನು ಅಲ್ಲೇ ಬಿಡಿ.

ಗರಿಕೆಯನ್ನು ಕಳೆಯ ಪಟ್ಟಿಗೆ ಸೇರಿಸಿದ್ದೀರಿ, ಪಾಪ. ಗಾಲ್ಫ್ ಮೈದಾನಕ್ಕೆ ಹಾಕುವ ಬರ್ಮುಡಾ ಹುಲ್ಲಿದೆಯಲ್ಲ, ಅದೂ ನಮ್ಮ ಗಣಪತಿಗೆ ಏರಿಸುವ ಗರಿಕೆಯೂ ಒಂದೇ ಜಾತಿ. ನೀರು ಇಲ್ಲದಿದ್ದರೆ ಕಂದು ಬಣ್ಣಕ್ಕೆ ತಿರುಗಿ ಮಲಗುತ್ತದೆ, ಮಳೆ ಬಿದ್ದರೆ ಎದ್ದು ಬರುತ್ತದೆ. ನಿಮ್ಮ ಅಂಗಳದಲ್ಲಿ ತಾನೇ ಬದುಕಿ ತೋರಿಸಿದೆ, ಇನ್ನೇನು ಬೇಕು? ಜೂನ್ ಮಳೆ ಹಿಡಿದ ಕೂಡಲೇ ಹುಲ್ಲಿಗೆ ಅಂತ ಗುರುತಿಸಿದ ಬಿಸಿಲು ಜಾಗದಲ್ಲಿ ಗರಿಕೆ ಇಲ್ಲದ ಕಡೆ ಒಂದು ಗೇಣು ಅಗೆದು ಸಡಿಲ ಮಾಡಿ, ಕೊಟ್ಟಿಗೆ ಗೊಬ್ಬರ ಜರಡಿ ಹಿಡಿದು ಬೆರೆಸಿ. ಎರಡು ಮೂರು ಗೆಣ್ಣಿರುವ ಗರಿಕೆ ಬಳ್ಳಿಗಳನ್ನು ನಾಲ್ಕು ಬೆರಳಿಗೊಂದರಂತೆ ಊರಿ, ಕಾಲಲ್ಲಿ ತುಳಿದುಬಿಡಿ. ಕತ್ತರಿಸುವಾಗ ಮಾತ್ರ ಬುಡದವರೆಗೆ ಬೋಳಿಸಬೇಡಿ.

ಕೊನ್ನಾರಿಯನ್ನು ಎಳೆದರೆ ಎಲೆ ಕೈಗೆ ಬರುತ್ತದೆ, ಗೆಡ್ಡೆ ಮಣ್ಣಲ್ಲೇ ಉಳಿಯುತ್ತದೆ. ಒಂದು ಗೆಡ್ಡೆಯಿಂದ ದಾರದಂಥ ಬೇರು, ಅದರ ತುದಿಗೆ ಇನ್ನೊಂದು ಗೆಡ್ಡೆ, ಸರ ಪೋಣಿಸಿದ ಹಾಗೆ ಹೋಗಿರುತ್ತದೆ. ಮಳೆ ಬಂದು ಮಣ್ಣು ಮೆತ್ತಗಿದ್ದಾಗ ಕೂತು ಅಗೆದು ತೆಗೆಯಬೇಕು, ಬೇರೆ ದಾರಿ ನನಗೆ ಸರಿ ಬಂದಿಲ್ಲ. ಮಾಲಿ ತರಿಸುವ ಕೆಮ್ಮಣ್ಣಿನ ಲೋಡಿನಲ್ಲೇ ಇದು ಬರುವುದುಂಟು. ತರಿಸಲೇಬೇಕು ಅಂದರೆ ನಾಲ್ಕು ಕಡೆಯಿಂದ ಒಂದೊಂದು ಹಿಡಿ ತೆಗೆದು ಉಜ್ಜಿ ನೋಡಿ, ಕಡಲೆ ಗಾತ್ರದ ಕಪ್ಪು ಗೆಡ್ಡೆ ಸಿಕ್ಕರೆ ಲೋಡ್ ವಾಪಸ್.

ಇನ್ನೊಂದು. ಒಣಗಿದ ಹುಲ್ಲನ್ನು ಒಂದು ಸಲ ಎತ್ತಿ ನೋಡಿ. ಚಾಪೆ ಥರ ಸುಲಭವಾಗಿ ಎದ್ದು ಬಂದರೆ ಕೆಳಗೆ ಗೊಣ್ಣೆಹುಳು ಬೇರು ತಿಂದಿರಬಹುದು, ಬಿಳಿ ಮೈ, ಸುರುಟಿಕೊಂಡು ಮಲಗಿರುತ್ತದೆ. ಸಿಕ್ಕಷ್ಟನ್ನು ಆರಿಸಿ ಹಾಕಿ, ಆಮೇಲೆ ನೆಡಿ.

ಒಂದೆಲಗವನ್ನು ದಯವಿಟ್ಟು ಮುಟ್ಟಬೇಡಿ, ತಂಬುಳಿಗೆ ಆಗುತ್ತದೆ.

ನಿಶ್ಚಿತಾರ್ಥಕ್ಕೆ ಹುಲ್ಲು ಇಷ್ಟು ಸಾಲದು ಅಂತ ಯಜಮಾನರು ಹೇಳಿದರೆ, ಬಂದವರೆಲ್ಲ ಕುರ್ಚಿ ಹಾಕಿಕೊಂಡು ಕೂರುವವರೇ, ಕೆಳಗೆ ಜಮಖಾನೆ ಹಾಸಿದರೆ ಹುಲ್ಲು ಯಾರಿಗೂ ಕಾಣುವುದಿಲ್ಲ ಅನ್ನಿ. ಮರದ ಕೆಳಗೆ ಮಾತ್ರ ಮೇಲೊಂದು ಶಾಮಿಯಾನ ಇರಲಿ. ಹೂ ಬಿಟ್ಟ ಮಾವಿಗೆ ಜಿಗಿಹುಳ ಬಂದರೆ ಮೇಲಿಂದ ಅಂಟು ಹನಿ ಉದುರುತ್ತದೆ, ಬೀಗರ ರೇಷ್ಮೆ ಸೀರೆ ಮೇಲೆ ಬಿದ್ದರೆ ಕಷ್ಟ.